ಬ್ಲಾಕ್ ಗಾತ್ರ ಬದಲಿಸಿದ ಮೇಲೆ ಎರಡು ವಿಎಂಗಳೂ ಬೂಟ್ ಆಗುತ್ತಿಲ್ಲ (ಕೆವಿಎಂ, ಝಡ್‌ಎಫ್‌ಎಸ್)

ಕೆರೆದಂಡೆ:

ಅಡಿಕೆ ಮಂಡಿಯೊಂದರ ಲೆಕ್ಕಪತ್ರದ ಸರ್ವರ್ ನೋಡಿಕೊಳ್ಳುತ್ತೇನೆ. ಡೆಬಿಯನ್ 12 (ಲಿನಕ್ಸ್), ಅದರ ಮೇಲೆ ವಿಎಂಗಳನ್ನು (ಯಂತ್ರದೊಳಗಿನ ವರ್ಚುವಲ್ ಯಂತ್ರಗಳು) ನಡೆಸುವ ಕೆವಿಎಂ, ಅವನ್ನು ನಿಭಾಯಿಸುವ ಲಿಬ್‌ವರ್ಟ್. ಎರಡು ಡಿಸ್ಕ್‌ಗಳಲ್ಲೂ ಒಂದೇ ದತ್ತಾಂಶ ಇಡುವ ಝಡ್‌ಎಫ್‌ಎಸ್ ಮಿರರ್, ಪ್ರತಿ ವಿಎಂಗೆ ಡಿಸ್ಕಿನಂತೆ ಕಾಣುವ ಒಂದೊಂದು ಝಡ್‌ವಾಲ್. ಕಡತ ಹಂಚಲು ಒಂದು ಡೆಬಿಯನ್ ವಿಎಂ, ಲೆಕ್ಕಕ್ಕೆ ವಿಂಡೋಸ್ ಸರ್ವರ್ 2022 ಮತ್ತು ಎಸ್‌ಕ್ಯೂಎಲ್ ಸರ್ವರ್ (ದತ್ತಾಂಶ ಇಡುವ ತಂತ್ರಾಂಶ) ಇರುವ ಇನ್ನೊಂದು.

ಝಡ್‌ವಾಲ್‌ನ ಬ್ಲಾಕ್ 8 ಕೆಬಿ. ವಿಎಂ ಒಳಗೆ ನೋಡಿದರೆ 512 ಬೈಟ್. ಎರಡನ್ನೂ ಸಮ ಮಾಡಿದರೆ ವೇಗ ಹೆಚ್ಚೀತು ಎಂದುಕೊಂಡು, ಶನಿವಾರ ಸಂಜೆ ಎರಡೂ ವಿಎಂಗಳ ಎಕ್ಸ್‌ಎಂಎಲ್‌ನಲ್ಲಿ (ವಿಎಂನ ಸಂರಚನೆಯ ಕಡತ) ಡಿಸ್ಕ್ ಭಾಗದೊಳಗೆ ಬ್ಲಾಕ್ ಗಾತ್ರ ಹೇಳುವ ಬ್ಲಾಕ್‌ಐಒ ಸಾಲು ಸೇರಿಸಿ ಲಾಜಿಕಲ್, ಫಿಸಿಕಲ್ ಎರಡಕ್ಕೂ 8192 ಕೊಟ್ಟೆ. ಲಿಬ್‌ವರ್ಟ್ ಚಕಾರವೆತ್ತದೆ ಒಪ್ಪಿಕೊಂಡಿತು. ಆದರೆ ಎರಡೂ ವಿಎಂ ಬೂಟ್ ಆಗಲಿಲ್ಲ. ಡೆಬಿಯನ್ ವಿಎಂಗೆ ರೆಸ್ಕ್ಯೂ ಐಎಸ್‌ಒ (ದುರಸ್ತಿಗೆಂದು ಬೂಟ್ ಮಾಡುವ ಡಿಸ್ಕ್ ಕಡತ) ಹಾಕಿದರೆ ಡಿಸ್ಕ್ ಪಟ್ಟಿಯಲ್ಲೇ ಇಲ್ಲ! ವಿಂಡೋಸ್ ವಿಎಂನಲ್ಲಿ ಸಂಖ್ಯೆಯನ್ನು 4096ಕ್ಕೆ ಇಳಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಆ ಡಿಸ್ಕನ್ನು ಹಾಗೆಯೇ ಇನ್ನೊಂದು ವಿಂಡೋಸ್ ವಿಎಂಗೆ ಜೋಡಿಸಿದರೆ "ಇನಿಶಿಯಲೈಸ್ ಮಾಡಬೇಕೆ" ಎಂದು ಕೇಳುತ್ತಿದೆ. ಸೋಮವಾರ ಬೆಳಿಗ್ಗೆ ಮಂಡಿ ತೆರೆಯುತ್ತದೆ. ದತ್ತಾಂಶ ಹೋಯಿತೇ?

ಬೈಟುಬೆಲ್ಲ:

ಆ ಇನಿಶಿಯಲೈಸ್ ಗುಂಡಿಯನ್ನು ಮುಟ್ಟಬೇಡಿ. ಮುಟ್ಟಿಲ್ಲವಾದರೆ ಏನೂ ಹೋಗಿಲ್ಲ.

ಮೊದಲು ಎರಡೂ ವಿಎಂಗಳನ್ನು ಪೂರ್ತಿ ನಿಲ್ಲಿಸಿ, ಬ್ಲಾಕ್‌ಐಒ ಸಾಲನ್ನೇ ಅಳಿಸಿ, ಮತ್ತೆ ಚಾಲೂ ಮಾಡಿ. ವಿಎಂ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು. ಕ್ಯೂಎಂಯು (ಕೆವಿಎಂ ಜೊತೆ ಸೇರಿ ವಿಎಂ ನಡೆಸುವ ತಂತ್ರಾಂಶ) ಹೊಸದಾಗಿ ಶುರುವಾದಾಗ ಮಾತ್ರ ಈ ಬದಲಾವಣೆ ಜಾರಿಯಾಗುತ್ತದೆ. ಜೊತೆಗೆ ಈಗಲೇ ಝಡ್‌ವಾಲ್‌ಗಳ ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಿ, ಒಂದು ಕ್ಷಣದ ಕೆಲಸ.

ಈಗ ಆದದ್ದೇನೆಂದು ಹೇಳುತ್ತೇನೆ. ಲಾಜಿಕಲ್ ಬ್ಲಾಕ್ ಎಂದರೆ ಡಿಸ್ಕಿನ ವಿಳಾಸದ ಅಳತೆಗೋಲು. ಡಿಸ್ಕಿನ ವಿಭಾಗಗಳ ಪಟ್ಟಿಯಾದ ಜಿಪಿಟಿಯ ತಲೆಭಾಗ ಇರುವುದು "ಬ್ಲಾಕ್ ಸಂಖ್ಯೆ 1"ರಲ್ಲಿ. ಅಳತೆ 512 ಇದ್ದಾಗ ಬರೆದದ್ದರಿಂದ ಅದು 512ನೇ ಬೈಟಿನಲ್ಲಿ ಕುಳಿತಿದೆ. ನೀವು ಗೋಲನ್ನು 4096 ಮಾಡಿದಿರಿ, ವಿಂಡೋಸ್ 4096ನೇ ಬೈಟಿಗೆ ಹೋಗಿ ಹುಡುಕಿತು, ಅಲ್ಲಿ ತಲೆಭಾಗ ಇಲ್ಲ, ಡಿಸ್ಕ್ ಖಾಲಿ ಎಂದು ತೀರ್ಮಾನಿಸಿತು. ಜಿಪಿಟಿಯ ಬದಲು ಹಳೆಯ ಎಂಬಿಆರ್ ಪಟ್ಟಿ ಆಗಿದ್ದರೆ ಇನ್ನೊಂದು ತಮಾಷೆ: ಪಟ್ಟಿ ಸಿಗುತ್ತದೆ, ಆದರೆ 2048ನೇ ಬ್ಲಾಕಿನಲ್ಲಿ, ಅಂದರೆ 1 ಎಂಬಿಯಲ್ಲಿ ಶುರುವಾಗುವ ವಿಭಾಗವನ್ನು 8 ಎಂಬಿಯಲ್ಲಿ ಹುಡುಕುತ್ತದೆ. ಜಮೀನಿನ ಪಹಣಿ ಹಾಗೆಯೇ ಇದ್ದು ಅಳೆಯುವ ಸರಪಳಿ ಉದ್ದವಾದಂತೆ. ಕೆಲವು ಯುಎಸ್‌ಬಿ ಪೆಟ್ಟಿಗೆಗಳಿಂದ ಡಿಸ್ಕ್ ಬಿಚ್ಚಿ ನೇರವಾಗಿ ಕಂಪ್ಯೂಟರಿನೊಳಗಿನ ಸಾಟಾ ಸಂಪರ್ಕಕ್ಕೆ ಜೋಡಿಸಿದಾಗ ಎಲ್ಲ ಮಾಯವಾದಂತೆ ಕಾಣುವುದೂ ಇದೇ ಕಾರಣಕ್ಕೆ.

ಡೆಬಿಯನ್‌ನಲ್ಲಿ ಡಿಸ್ಕೇ ಕಾಣದಿದ್ದುದು ಬೇರೆ ಮಿತಿ. ಕ್ಯೂಎಂಯು 512ರಿಂದ 2 ಎಂಬಿವರೆಗೆ ಎರಡರ ಯಾವ ಘಾತವನ್ನಾದರೂ ಒಪ್ಪುತ್ತದೆ (2020ರ 5.1 ಆವೃತ್ತಿಗೆ ಮೊದಲು 32 ಕೆಬಿಗೇ ನಿಲ್ಲುತ್ತಿತ್ತು). ಆದರೆ ಹೊರಗಿನವನು ಒಪ್ಪಿದ ಮಾತ್ರಕ್ಕೆ ಒಳಗಿನವನು ಒಪ್ಪಬೇಕಲ್ಲ. ಡೆಬಿಯನ್ 12ರ 6.1 ಕರ್ನೆಲ್ (ಲಿನಕ್ಸ್‌ನ ತಿರುಳು) ಮೆಮೊರಿ ಪುಟಕ್ಕಿಂತ, ಅಂದರೆ ಇಂಟೆಲ್, ಎಎಂಡಿ ಯಂತ್ರಗಳಲ್ಲಿ 4096 ಬೈಟಿಗಿಂತ, ದೊಡ್ಡ ಲಾಜಿಕಲ್ ಬ್ಲಾಕನ್ನು ತೆಗೆದುಕೊಳ್ಳುವುದಿಲ್ಲ. ವಿಎಂಗಳ ಡಿಸ್ಕಿಗೆಂದಿರುವ ವರ್ಟ್‌ಐಒ ಚಾಲಕ ಕರ್ನೆಲ್ ಲಾಗ್‌ನಲ್ಲಿ ಒಂದು ಸಾಲು ಗೊಣಗಿ ಡಿಸ್ಕನ್ನು ಕೈಬಿಡುತ್ತದೆ. ಇನ್ನು ವಿಎಂ ಬೂಟ್ ಮಾಡಿಸುವ ಹಳೆಯ ಶೈಲಿಯ ಸೀಬಯೋಸ್‌ಗೆ 512 ಬಿಟ್ಟರೆ ಬೇರೆ ಗೊತ್ತೇ ಇಲ್ಲ. 4096ರಲ್ಲಿ ಬೂಟ್ ಆಗಬೇಕಾದರೆ ಹೊಸ ಶೈಲಿಯ ಯುಇಎಫ್‌ಐ ಬೇಕು.

ಫಿಸಿಕಲ್ ಸಂಖ್ಯೆ ಬರಿಯ ಸುಳಿವು, ವಿಳಾಸ ಬದಲಿಸುವುದಿಲ್ಲ. ಬೇಕಾದರೆ ಅದನ್ನು ಇಟ್ಟುಕೊಳ್ಳಿ.

ಕೆರೆದಂಡೆ:

ಗುಂಡಿ ಮುಟ್ಟಿರಲಿಲ್ಲ. ಸಾಲು ಅಳಿಸಿದೆ, ಡೆಬಿಯನ್ ಎದ್ದು ಕುಳಿತಿತು, ಹೋದ ಜೀವ ಬಂದಂತಾಯಿತು.

ವಿಂಡೋಸ್‌ನಲ್ಲಿ ನಿಮ್ಮ ಕೊನೆಯ ಮಾತು ನಂಬಿ ಲಾಜಿಕಲ್ 512, ಫಿಸಿಕಲ್ 8192 ಎಂದು ಇಟ್ಟೆ. ವಿಂಡೋಸ್ ಬಂತು. ಎಸ್‌ಕ್ಯೂಎಲ್ ಸರ್ವರ್ ಸೇವೆ ಮಾತ್ರ ಶುರುವಾಗುತ್ತಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಬೈಟುಬೆಲ್ಲ:

ಇದೆ, ತಪ್ಪು ನನ್ನದು. "ಬರಿಯ ಸುಳಿವು" ಎಂದೆ, ಸುಳಿವನ್ನು ಗಂಭೀರವಾಗಿ ಪರಿಗಣಿಸುವ ತಂತ್ರಾಂಶವೂ ಉಂಟೆಂಬುದನ್ನು ಮರೆತೆ. ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದು 512 ಮತ್ತು 4096 ಬೈಟಿನ ಸೆಕ್ಟರ್‌ಗಳನ್ನು (ಡಿಸ್ಕಿನ ಬ್ಲಾಕ್‌ಗಳು) ಮಾತ್ರ. ವಿಂಡೋಸ್ 11 ಬಂದಾಗ ದೊಡ್ಡ ಸೆಕ್ಟರ್ ವರದಿ ಮಾಡುವ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕ್‌ಗಳ ಮೇಲೆ ಇದೇ ಗೋಳು ಕೇಳಿಬಂದಿತ್ತು. ವಿಂಡೋಸ್‌ನ ಎಫ್‌ಎಸ್‌ಯುಟಿಲ್ ಆದೇಶದಲ್ಲಿ ಸೆಕ್ಟರ್‌ಇನ್ಫೊ ನೋಡಿದರೆ ವಿಂಡೋಸ್ ಏನು ನಂಬಿದೆಯೆಂದು ತಿಳಿಯುತ್ತದೆ.

ಫಿಸಿಕಲ್ 4096 ಮಾಡಿದರೆ ಸೇವೆ ಶುರುವಾಗುತ್ತದೆ. ಆದರೆ ನಿಮ್ಮ ಲಾಗ್ ಕಡತಗಳು 512ರಲ್ಲಿ ಹುಟ್ಟಿದವು, ಹೊಂದಿಕೆ ತಪ್ಪಿದ ಲಾಗ್ ಬರಹಗಳ ಬಗ್ಗೆ ಎಚ್ಚರಿಕೆಗಳು ಬರತೊಡಗಬಹುದು. ಆ ಸಾಲನ್ನು ಪೂರ್ತಿ ತೆಗೆದುಹಾಕಿ.

ಅಸಲಿಗೆ ನೀವು ಸರಿಪಡಿಸಲು ಹೊರಟ ತೊಂದರೆಯೇ ಅಲ್ಲಿರಲಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಪುಟ 8 ಕೆಬಿ, ಝಡ್‌ವಾಲ್ 8 ಕೆಬಿ, ವಿಭಾಗ 1 ಎಂಬಿಯಲ್ಲಿ ಶುರು. ಎಲ್ಲ ಆಗಲೇ ಸಾಲಾಗಿ ಕೂತಿದೆ. ವೇಗ ಸಾಲದೆನಿಸಿದರೆ ದತ್ತಾಂಶದ ವಿಭಾಗಕ್ಕೆ ಎನ್‌ಟಿಎಫ್‌ಎಸ್ ಕ್ಲಸ್ಟರ್ (ವಿಂಡೋಸ್ ಕಡತಗಳಿಗೆ ಜಾಗ ಕೊಡುವ ಅಳತೆ) ಎಷ್ಟಿದೆ ನೋಡಿ, 64 ಕೆಬಿ ಇರುವುದು ರೂಢಿ. ಝಡ್‌ವಾಲ್‌ನ ಬ್ಲಾಕ್ ಗಾತ್ರವನ್ನಂತೂ ಸೃಷ್ಟಿಸಿದ ಮೇಲೆ ಬದಲಿಸಲಾಗದು, ಹೊಸದು ಮಾಡಿ ನಕಲಿಸಬೇಕು.

ಘಟ್ಟದಕೆಳಗೆ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ, ನನ್ನದು ಇದರ ತಿರುಗುಮುರುಗು. ಹಳೆಯ ಯಂತ್ರವೊಂದರ 4ಕೆಎನ್ (ಲಾಜಿಕಲ್ ಬ್ಲಾಕೇ 4096 ಇರುವ) ಡಿಸ್ಕನ್ನು ಡಿಡಿ ಆದೇಶದಿಂದ ಬೈಟಿಗೆ ಬೈಟ್ ನಕಲಿಸಿ ಕಡತವಾಗಿಸಿಕೊಂಡೆ. ವಿಎಂನಲ್ಲಿ ವಿಭಾಗಗಳೇ ಕಾಣುತ್ತಿಲ್ಲ. ಲಾಜಿಕಲ್ 4096 ಎಂದು ಕೊಟ್ಟರೆ ಕ್ಯೂಎಂಯು ಶುರುವೇ ಆಗುವುದಿಲ್ಲ.

ಬೈಟುಬೆಲ್ಲ:

ಡಿಸ್ಕ್ ಸಾಟಾ ಬಸ್ಸಿನಲ್ಲಿದೆಯೇ (ಬಸ್ ಎಂದರೆ ವಿಎಂಗೆ ಡಿಸ್ಕ್ ಜೋಡಿಸುವ ಬಗೆ)? ಕ್ಯೂಎಂಯುನಲ್ಲಿ ಐಡಿಇ, ಸಾಟಾ ಎರಡಕ್ಕೂ 512 ಮಾತ್ರ. ವರ್ಟ್‌ಐಒ ಅಥವಾ ಸ್ಕಸಿಗೆ ಬದಲಿಸಿ, ಫಿಸಿಕಲ್ ಕೂಡ 4096 ಕೊಡಿ (ಲಾಜಿಕಲ್‌ಗಿಂತ ಅದು ಚಿಕ್ಕದಿರಬಾರದು), ಯುಇಎಫ್‌ಐ ಇರಲಿ. ನಿಮ್ಮ ಸಂದರ್ಭದಲ್ಲಿ ಲಾಜಿಕಲ್ ಬದಲಿಸುವುದೇ ಸರಿ, ಏಕೆಂದರೆ ಪಟ್ಟಿ ಬರೆದದ್ದೇ 4096ರ ಗೋಲಿನಲ್ಲಿ.

ಘಟ್ಟದಕೆಳಗೆ:

ಸಾಟಾ ಆಗಿತ್ತು. ವರ್ಟ್‌ಐಒ ಮಾಡಿದ ಕೂಡಲೇ ಮೂರೂ ವಿಭಾಗ ಕಂಡವು. ಬೂಟ್ ಆದಾಗ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟಿನ ಆರಂಭಕ್ಕೆ ಬೇಕಾದ ಕಿರು ವ್ಯವಸ್ಥೆ) ವರ್ಟ್‌ಐಒ ಚಾಲಕ ಇರಲಿಲ್ಲ, ಅದನ್ನು ರೆಸ್ಕ್ಯೂ ಐಎಸ್‌ಒದಿಂದ ಸೇರಿಸಿಕೊಂಡೆ.

ಕೆರೆದಂಡೆ:

ಸಾಲು ತೆಗೆದೆ, ಎಸ್‌ಕ್ಯೂಎಲ್ ಸರ್ವರ್ ಶುರುವಾಯಿತು. ಶುಕ್ರವಾರದ ತೂಕದ ಚೀಟಿಗಳೆಲ್ಲ ಇವೆ. ಕ್ಲಸ್ಟರ್ ನೋಡಿದೆ, 4 ಕೆಬಿ ಇದೆ. ಅದನ್ನು ಬದಲಿಸುವುದು ಕೊಯ್ಲು ಮುಗಿದ ಮೇಲೆ, ಅದೂ ಶನಿವಾರ ಸಂಜೆ ಅಲ್ಲ.