ಸಹಾಯ ಬೇಕು: ‘ಅಫಿಲಿಯೇಟೆಡ್’ ಅನ್ನೋದಕ್ಕೆ ಸರಿಯಾದ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಇಂಜಿನಿಯರಿಂಗ್ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡ್ತೀನಿ. ಪ್ರವೇಶ ಕೈಪಿಡಿಯನ್ನ ಕನ್ನಡಕ್ಕೆ ತರೋ ಕೆಲಸ ನನ್ನ ಪಾಲಿಗೆ ಬಂದಿದೆ, ಮೊದಲ ಪುಟದಲ್ಲೇ ನಿಂತುಬಿಟ್ಟಿದ್ದೀನಿ.

ಅಲ್ಲಿ ಮೂರು ಸಾಲಿವೆ: ಎಐಸಿಟಿಇಯಿಂದ (ತಾಂತ್ರಿಕ ಕೋರ್ಸ್‌ಗಳಿಗೆ ಅನುಮತಿ ಕೊಡೋ ಕೇಂದ್ರದ ಮಂಡಳಿ) ‘ಅಪ್ರೂವ್ಡ್’, ನ್ಯಾಕ್‌ನಿಂದ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ‘ಅಕ್ರೆಡಿಟೆಡ್’, ಬೆಳಗಾವಿಯ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ‘ಅಫಿಲಿಯೇಟೆಡ್’. ಹಳೇ ಕೈಪಿಡಿಯಲ್ಲಿ ಮೂರಕ್ಕೂ ‘ಮಾನ್ಯತೆ ಪಡೆದ’ ಅಂತಲೇ ಹಾಕಿದ್ದಾರೆ. ನನಗದು ಒಪ್ಪಿಗೆಯಾಗ್ತಿಲ್ಲ. ಕೋರ್ಸ್ ನಡೆಸೋಕೆ ಅನುಮತಿ ಕೊಡೋದು ಬೇರೆ, ಗುಣಮಟ್ಟ ನೋಡಿ ಗ್ರೇಡ್ ಕೊಡೋದು ಬೇರೆ. ಅಫಿಲಿಯೇಷನ್ ಅಂದ್ರೆ ಕಾಲೇಜಿನ ಆಡಳಿತ ತನ್ನದೇ ಇದ್ದರೂ ಪದವಿ ಕೊಡೋದು ವಿಶ್ವವಿದ್ಯಾಲಯ. ಹಳ್ಳಿಯಿಂದ ಬರೋ ತಂದೆ-ತಾಯಿ ಕೌಂಟರ್ ಹತ್ರ ಕೇಳೋದೇ ಇದನ್ನ: “ಡಿಗ್ರಿ ಯಾರ ಹೆಸರಲ್ಲಿ ಬರುತ್ತೆ ಸರ್?”

‘ಸಂಯೋಜಿತ’ ಅಂತ ಬರೆದೆ. ಪ್ರಾಂಶುಪಾಲರು, “ಕಾರ್ಯಕ್ರಮದ ಸಂಯೋಜಕರು ನೆನಪಾಗ್ತಾರಲ್ರೀ” ಅಂದ್ರು. ‘ಅಧೀನ’ ಅಂದ್ರೆ ವಿಶ್ವವಿದ್ಯಾಲಯದ ಸ್ವಂತ ಕಾಲೇಜು ಅಂದ್ಕೋತಾರೆ. ‘ಸಂಲಗ್ನ’ ಅಂದ್ರೆ ಓದಿದವರಿಗೂ ಅರ್ಥ ಆಗಲ್ಲ. ಪದದ ಮೂಲ ಹುಡುಕಿದೆ: ಲ್ಯಾಟಿನ್‌ನ ‘ಫಿಲಿಯಸ್’, ಅಂದ್ರೆ ಮಗ, ಮಗನಾಗಿ ದತ್ತು ತಗೊಳ್ಳೋದು ಅಂತ ಅರ್ಥ. ಎಷ್ಟು ಚೆಂದದ ಅರ್ಥ! ಆದ್ರೆ ‘ದತ್ತು ಕಾಲೇಜು’ ಅಂತ ಅಚ್ಚು ಹಾಕಿಸೋಕಾಗಲ್ಲ.

ಪ್ರಾಧ್ಯಾಪಕರ ಸಂಶೋಧನಾ ಲೇಖನಗಳ ಪಟ್ಟಿಯಲ್ಲೂ ಇದೇ ಪದ ಇದೆ. ಅಲ್ಲಿ ಅದು ಅವರು ಕೆಲಸ ಮಾಡೋ ಸಂಸ್ಥೆ ಅಷ್ಟೇ, ಹಾಗಾಗಿ ‘ಸಂಸ್ಥೆ’ ಅಂತಲೇ ಬರೆದು ಮುಂದೆ ಹೋದೆ.

ಅನುವಾದ ಮಾಡೋರು, ವಿಶ್ವವಿದ್ಯಾಲಯದ ಕಚೇರಿಗಳಲ್ಲಿರೋರು ದಯವಿಟ್ಟು ಹೇಳಿ: ಕಾಲೇಜಿನ ವಿಷಯದಲ್ಲಿ ‘ಸಂಯೋಜಿತ’ವನ್ನೇ ಉಳಿಸ್ಲಾ, ಅಥವಾ ಕಡತಗಳಲ್ಲಿ ನೀವು ಬಳಸೋ ಬೇರೆ ಪದ ಇದೆಯಾ?