ಕದಲದೆ ನಿಂತರೆ ಬಲ ಬರುತ್ತದೆಯೇ? ಮನೆಯಲ್ಲೇ ಐಸೊಮೆಟ್ರಿಕ್ ವ್ಯಾಯಾಮ ಮಾಡಿದವರ ಅನುಭವ

ಪ್ರಶ್ನೆ, ಬೆಂಗಳೂರಿನಿಂದ

ವಯಸ್ಸು 34. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಮಂಚ, ಬೀರು ಬಿಟ್ಟರೆ ಒಂದು ಚಾಪೆ ಹಾಸುವಷ್ಟು ಜಾಗ. ಹಾರಿದರೆ, ಕುಣಿದರೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಜಿಮ್ಮಿಗೆ ಹೋಗಲು ಸಮಯವೂ ಇಲ್ಲ, ಮನಸ್ಸೂ ಇಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಮಹಡಿಗೆ ಹೊತ್ತು ತರುವಷ್ಟರಲ್ಲಿ ಕೈ ನಡುಗುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಅಲುಗಾಡದೆ ಒಂದೇ ಭಂಗಿಯಲ್ಲಿ ನಿಲ್ಲುವ ಈ ಐಸೊಮೆಟ್ರಿಕ್ ವ್ಯಾಯಾಮದಿಂದ ನಿಜವಾಗಿಯೂ ಬಲ ಬರುತ್ತದೆಯೇ? ಎಷ್ಟು ಹೊತ್ತು ನಿಲ್ಲಬೇಕು? ಮಾಡಿ ನೋಡಿದವರು ಹೇಳಿ. ವಿಡಿಯೊಗಳನ್ನು ಕಳಿಸಬೇಡಿ, ಅವನ್ನು ಬೇಕಾದಷ್ಟು ನೋಡಿಯಾಗಿದೆ.

ದಾವಣಗೆರೆ, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ

ಬರುತ್ತದೆ. ಎಷ್ಟು ಹೊತ್ತು ಎಂದು ಕೇಳಿದ್ದೀರಿ. ಎಷ್ಟು ಜೋರಾಗಿ ಎಂದು ಕೇಳಿದ್ದರೆ ಅರ್ಧ ಉತ್ತರ ನಿಮಗೇ ಸಿಗುತ್ತಿತ್ತು. ಪ್ಲ್ಯಾಂಕ್‌ನಲ್ಲಿ (ಅಂಗೈ ಅಥವಾ ಮೊಣಕೈ ಊರಿ, ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಭಂಗಿ) ಮೂರು ನಿಮಿಷ ನಿಲ್ಲಬಲ್ಲವನು ನಾಲ್ಕನೆಯ ನಿಮಿಷಕ್ಕೆ ಹೋದರೆ ಅವನ ತಾಳಿಕೆ ಹೆಚ್ಚುತ್ತದೆ. ಬಲ ಹೆಚ್ಚುವುದು ಬಹಳ ಕಡಿಮೆ.

ಅಲುಗಾಡದ ವ್ಯಾಯಾಮದಲ್ಲಿ ಎರಡು ಬಗೆ. ಒಂದು, ಮೈಭಾರವನ್ನು ಬೀಳದಂತೆ ತಡೆದು ನಿಲ್ಲುವುದು: ಪ್ಲ್ಯಾಂಕ್, ಗೋಡೆಗೆ ಒರಗಿದ ಕುರ್ಚಿ ಭಂಗಿ. ಇನ್ನೊಂದು, ಕದಲದ ವಸ್ತುವನ್ನು ಕದಲಿಸಲು ಹೋಗುವುದು. ಎಲ್ಲರೂ ಮೊದಲನೆಯದನ್ನೇ ಮಾಡುತ್ತಾರೆ, ಬಲ ಹೆಚ್ಚು ಕೊಡುವುದು ಎರಡನೆಯದು. ಮೈಭಾರಕ್ಕೆ ಒಂದು ಮಿತಿ ಇದೆ. ಗೋಡೆಗೆ ಮಿತಿ ಇಲ್ಲ. ನೀವು ಎಷ್ಟು ಬಲ ಹಾಕಿದರೆ ಅಷ್ಟನ್ನೇ ಅದು ಹಿಂದಕ್ಕೆ ಕೊಡುತ್ತದೆ.

ಬಾಗಿಲ ಚೌಕಟ್ಟಿನ ನಡುವೆ ನಿಂತು ಎರಡೂ ಅಂಗೈಗಳಿಂದ ಪಕ್ಕದ ಮರವನ್ನು ಹೊರಕ್ಕೆ ತಳ್ಳಿ. ಕೈ ಮೇಲಕ್ಕೆತ್ತಿದರೆ ಮೇಲಿನ ಅಡ್ಡಪಟ್ಟಿ ಸಿಗುವುದಾದರೆ ಅದನ್ನು ಮೇಲಕ್ಕೆ ತಳ್ಳಿ. ಸಿಗದಿದ್ದರೆ ಗಟ್ಟಿಯಾದ ಮಣೆಯ ಮೇಲೆ ನಿಲ್ಲಿ. ಹೊಸ್ತಿಲ ಮೇಲೆ ನಿಲ್ಲಬೇಡಿ, ಮನೆಯಲ್ಲಿ ಹಿರಿಯರಿದ್ದರೆ ವ್ಯಾಯಾಮ ಅಲ್ಲಿಗೇ ಮುಗಿಯುತ್ತದೆ. ಎದೆಗೆ ಬೇಕಾದರೆ ಅಂಗೈಗೆ ಅಂಗೈ ಒತ್ತಿ ನಮಸ್ಕಾರದ ಭಂಗಿಯಲ್ಲೇ ಒಂದನ್ನೊಂದು ತಳ್ಳಿದರೆ ಸಾಕು.

ಬೆನ್ನಿಗೂ ಹೆಗಲಿನ ಹಿಂಭಾಗಕ್ಕೂ ಬೇಕಾದ ಎಳೆತವೇ ಸಲಕರಣೆ ಇಲ್ಲದವರಿಗೆ ಕಷ್ಟದ ಭಾಗ. ದಂಡ ಹೊಡೆಯಲು ನೆಲ ಸಾಕು, ಎಳೆಯಲು ಏನಾದರೂ ಬೇಕಲ್ಲ? ಹಳೆಯ ಮನೆಗಳ ಕಿಟಕಿಯಲ್ಲಿ ಮರದ ಚೌಕಟ್ಟಿಗೆ ಇಳಿಸಿದ ಕಬ್ಬಿಣದ ಸರಳುಗಳಿರುತ್ತವೆ. ಅದಕ್ಕಿಂತ ಒಳ್ಳೆಯ ಸಲಕರಣೆ ನನಗೆ ಸಿಕ್ಕಿಲ್ಲ. ಎದೆಯ ಎತ್ತರದಲ್ಲಿ ಎರಡು ಸರಳು ಹಿಡಿದು, ಮೊಣಕೈಗಳನ್ನು ಪಕ್ಕೆಗೆ ತರುವಂತೆ ಎಳೆಯಿರಿ. ಈಗಿನ ಮನೆಗಳ ಗ್ರಿಲ್ಲನ್ನು ಮೊದಲು ಮೆಲ್ಲಗೆ ಪರೀಕ್ಷಿಸಿ. ಸ್ಕ್ರೂ ಹಾಕಿ ನಿಲ್ಲಿಸಿದ್ದನ್ನೂ ಜಾರುವ ಅಲ್ಯುಮಿನಿಯಂ ಚೌಕಟ್ಟನ್ನೂ ಮುಟ್ಟಬೇಡಿ.

ನಿಮ್ಮ ನೀರಿನ ಕ್ಯಾನಿಗೆ ನೇರವಾಗಿ ಸಂಬಂಧಿಸಿದ್ದು ಇದು: ಹಳೆಯ ಪಂಚೆಯನ್ನೋ ಹತ್ತಿ ಸೀರೆಯನ್ನೋ ಹಗ್ಗದಂತೆ ಹುರಿ ಮಾಡಿ, ಅದರ ನಡುಭಾಗವನ್ನು ಎರಡೂ ಪಾದಗಳಿಂದ ತುಳಿಯಿರಿ. ಮಂಡಿ ಮತ್ತು ಸೊಂಟ ಬಾಗಿಸಿ, ಬೆನ್ನು ನೇರವಾಗಿಟ್ಟು, ಎರಡು ತುದಿಗಳನ್ನು ಗಿಡ್ಡವಾಗಿ ಹಿಡಿದು ಎದ್ದು ನಿಲ್ಲಲು ಹೋಗಿ. ಬಟ್ಟೆ ಬಿಡುವುದಿಲ್ಲ, ನೀವೂ ಬಿಡಬೇಡಿ. ತೊಡೆ, ಸೊಂಟ, ಬೆನ್ನು, ಹಿಡಿತ ನಾಲ್ಕಕ್ಕೂ ಒಟ್ಟಿಗೆ ಕೆಲಸ.

ಲೆಕ್ಕ ಹೀಗೆ. ಮೊದಲ ಎರಡು ವಾರ ಅರ್ಧ ಬಲದಲ್ಲಿ, ಹತ್ತು ಸೆಕೆಂಡಿನಂತೆ. ಆಮೇಲೆ ಪೂರ್ಣ ಬಲದ ಹತ್ತಿರಕ್ಕೆ ಹೋಗಿ 3ರಿಂದ 6 ಸೆಕೆಂಡು, ನಡುವೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡುವು, ಪ್ರತಿ ವ್ಯಾಯಾಮವೂ ಐದಾರು ಬಾರಿ. ಬಲವನ್ನು ಒಮ್ಮೆಲೇ ಹಾಕದೆ ಎರಡು ಸೆಕೆಂಡು ತೆಗೆದುಕೊಂಡು ಏರಿಸಿ. ಬಾಯಲ್ಲಿ ಗಟ್ಟಿಯಾಗಿ ಎಣಿಸಿ. ಎಣಿಸುವವನಿಗೆ ಉಸಿರು ಕಟ್ಟಲು ಆಗುವುದಿಲ್ಲ, ಮಕ್ಕಳಿಗೆ ಇದನ್ನು ಹೀಗೆಯೇ ಕಲಿಸುತ್ತಿದ್ದೆ.

ಇನ್ನೊಂದು ಮುಖ್ಯ ಸಂಗತಿ ಕೋನ. ಮೊಣಕೈಯನ್ನು 90 ಡಿಗ್ರಿಯಲ್ಲಿಟ್ಟು ಎಳೆದರೆ ಬಲ ಹೆಚ್ಚುವುದು ಮುಖ್ಯವಾಗಿ ಆ ಕೋನದ ಆಸುಪಾಸಿನಲ್ಲಿ, ಸುಮಾರು 15–20 ಡಿಗ್ರಿ ಆಚೀಚೆ. ಹಾಗಾಗಿ ಒಂದೇ ವ್ಯಾಯಾಮವನ್ನು ಕೆಳಗೆ, ನಡುವೆ, ಮೇಲೆ ಎಂದು ಮೂರು ಕೋನಗಳಲ್ಲಿ ಮಾಡಿ. ಒಂದಕ್ಕೇ ಪುರುಸೊತ್ತು ಇದ್ದರೆ ಸ್ನಾಯು ಚಾಚಿಕೊಂಡಿರುವ ಕೋನವನ್ನು ಆರಿಸಿ. ಅಲ್ಲಿ ಗಳಿಸಿದ ಬಲ ಬೇರೆ ಕೋನಗಳಿಗೂ ಹೆಚ್ಚು ಹರಿಯುತ್ತದೆ.

ದಿನಕ್ಕೆ ಆರು ಸೆಕೆಂಡು ಸಾಕು ಎನ್ನುವವರು ನಿಮಗೆ ಸಿಗುತ್ತಾರೆ. ಆ ಮಾತಿನ ಮೂಲ ಜರ್ಮನಿಯಲ್ಲಿದೆ. 1953ರಲ್ಲಿ ಹೆಟ್ಟಿಂಗರ್ ಮತ್ತು ಮ್ಯೂಲರ್ ಎಂಬ ಇಬ್ಬರು, ಪೂರ್ಣ ಬಲದ ಮೂರನೇ ಎರಡರಷ್ಟನ್ನು ದಿನಕ್ಕೊಮ್ಮೆ ಆರು ಸೆಕೆಂಡು ಹಾಕಿದರೆ ವಾರಕ್ಕೆ ಶೇ. 5ರಷ್ಟು ಬಲ ಏರುತ್ತದೆ ಎಂದರು. ನಂತರ ಪರೀಕ್ಷಿಸಿದವರಿಗೆ ಅಷ್ಟು ಸಿಗಲಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಾಬ್ ಹಾಫ್‌ಮನ್ ಎಂಬ ಭಾರ ಎತ್ತುವ ಸಲಕರಣೆಗಳ ವ್ಯಾಪಾರಿ ಇದನ್ನೇ ದೊಡ್ಡದಾಗಿ ಸಾರಿದ. ಅವನ ಕಡೆಯ ಪಟುಗಳ ದಾಖಲೆಗಳು ದಿಢೀರನೆ ಏರಿದವು. ಅವರಲ್ಲಿ ಕೆಲವರು ಡಯಾನಬಾಲ್ ಎಂಬ ಸ್ಟೆರಾಯ್ಡ್ ಮಾತ್ರೆ ನುಂಗುತ್ತಿದ್ದರೆಂದು ಆಮೇಲೆ ಹೊರಬಿತ್ತು. ಜನ ರೋಸಿಹೋಗಿ ಐಸೊಮೆಟ್ರಿಕ್ಸನ್ನೇ ಕೈಬಿಟ್ಟರು. ಅದೂ ಅತಿಯೇ. ಪವಾಡ ಸುಳ್ಳಾದ ಮಾತ್ರಕ್ಕೆ ವ್ಯಾಯಾಮ ಸುಳ್ಳಾಗುವುದಿಲ್ಲ.

ಮೈಸೂರು

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮೂರಿನ ಯೋಗದಲ್ಲೇ ಎರಡು ದಾರಿಗಳಿವೆ, ಎರಡಕ್ಕೂ ಒಬ್ಬರೇ ಗುರು: ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ಕೃಷ್ಣಮಾಚಾರ್ಯರು. ಪಟ್ಟಾಭಿ ಜೋಯಿಸರದು ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹರಿಯುವ ಅಭ್ಯಾಸ. ಬಿ.ಕೆ.ಎಸ್. ಅಯ್ಯಂಗಾರರದು ಆಸನದಲ್ಲಿ ನಿಲ್ಲುವ ಅಭ್ಯಾಸ. ಗೋಡೆ, ಕುರ್ಚಿ, ಪಟ್ಟಿ ಏನು ಬೇಕಾದರೂ ಆಸರೆ ಕೊಟ್ಟು, ಆದರೆ ನಿಲ್ಲಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದವರು. ನಿಮ್ಮ ಕೈ ನಡುಗುವುದಕ್ಕೆ ಹೆದರಬೇಡಿ ಎಂದು ಹೇಳಲು ಇದನ್ನು ಬರೆದೆ.

ಬಲಕ್ಕಾಗಿ ನಾನು ಇಟ್ಟುಕೊಂಡಿರುವುದು ವೀರಭದ್ರಾಸನ (ಕಾಲು ಅಗಲಿಸಿ ಒಂದು ಮಂಡಿ ಬಾಗಿಸಿ ನಿಲ್ಲುವುದು), ಉತ್ಕಟಾಸನ (ಕುರ್ಚಿಯಲ್ಲಿ ಕೂತಂತೆ ನಿಲ್ಲುವುದು), ಪರಿಪೂರ್ಣ ನಾವಾಸನ (ಕೂತು ಕಾಲೆತ್ತಿ ದೋಣಿಯಂತೆ ನಿಲ್ಲುವುದು), ಪೂರ್ವೋತ್ತಾನಾಸನ. ಕೊನೆಯದನ್ನು ಯಾರೂ ಹೇಳುವುದಿಲ್ಲ: ಕಾಲು ಚಾಚಿ ಕೂತು, ಅಂಗೈಗಳನ್ನು ಹಿಂದೆ ಊರಿ, ಸೊಂಟವನ್ನು ಮೇಲಕ್ಕೆತ್ತಿ ಹಲಗೆಯಂತೆ ನಿಲ್ಲುವುದು. ದಿನವಿಡೀ ಮುಂದಕ್ಕೆ ಬಾಗಿ ಕೂರುವವರಿಗೆ ಎದೆ ತೆರೆದು ಬೆನ್ನಿನ ಕಡೆಯ ಸ್ನಾಯುಗಳೆಲ್ಲ ಎಚ್ಚರಗೊಳ್ಳುತ್ತವೆ. ಕಷ್ಟವಾದರೆ ಮಂಡಿ ಬಾಗಿಸಿ ಮೇಜಿನ ಆಕಾರದಲ್ಲಿ ನಿಲ್ಲಿ. ವೀರಭದ್ರಾಸನದಲ್ಲಿ ಪಾದಗಳೆರಡನ್ನೂ ನೆಲವನ್ನು ಸೀಳುವಂತೆ ಪರಸ್ಪರ ದೂರಕ್ಕೆ ತಳ್ಳಿ ನೋಡಿ; ಸುಮ್ಮನೆ ನಿಂತಿರುವ ಆಸನಕ್ಕೂ ಇದಕ್ಕೂ ಅಜಗಜಾಂತರ.

ಹುಬ್ಬಳ್ಳಿ, ಗೃಹಿಣಿ

ನಾನು ಬಲಕ್ಕಾಗಿ ಶುರು ಮಾಡಿದವಳಲ್ಲ. ಬಿ.ಪಿ. ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಗಳು ಹೇಳಿದಳು. ಶಾಲೆಯಲ್ಲಿ ಮನೆಗೆಲಸ ಬರೆಯದವರಿಗೆ ಕೊಡುತ್ತಿದ್ದ ಶಿಕ್ಷೆ ಅದು! ಡಾಕ್ಟರನ್ನು ಕೇಳಿಯೇ ಆರಂಭಿಸಿದೆ. ಎರಡು ನಿಮಿಷ ಕೂರುವುದು, ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸಲ, ವಾರದಲ್ಲಿ ಮೂರು ದಿನ. ಮೊದಮೊದಲು ತೊಡೆ ಪೂರ್ತಿ ಸಮಕ್ಕೆ ಇಳಿಸಿದರೆ ಅರ್ಧ ನಿಮಿಷವೂ ಆಗುತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಮೇಲೆಯೇ ಕೂರುತ್ತಿದ್ದೆ. ಕುಕ್ಕರ್ ಕೂಗುವ ಹೊತ್ತಿಗೆ ಒಂದು ಸುತ್ತು ಮುಗಿದಿರುತ್ತದೆ.

ಬಿ.ಪಿ. ಸ್ವಲ್ಪ ಇಳಿದಿದೆ. ಆದರೆ ಅದೇ ಹೊತ್ತಿಗೆ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದ್ದೇನೆ, ಸಂಜೆ ನಡೆಯುತ್ತೇನೆ. ಪುಣ್ಯ ಯಾವುದಕ್ಕೆ ಸಲ್ಲಬೇಕೆಂದು ಗೊತ್ತಿಲ್ಲ. ಕಾಲಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ನೆಲದಲ್ಲಿ ಕೂತು ಎದ್ದೇಳುವಾಗ ಈಗ ಕೈ ಊರುವುದಿಲ್ಲ.

ಮಂಗಳೂರು, ಫಿಸಿಯೋಥೆರಪಿಸ್ಟ್

ಹುಬ್ಬಳ್ಳಿಯ ಅಕ್ಕ ಹೇಳಿದ ಕ್ರಮ ಸಂಶೋಧನೆಗಳಲ್ಲಿ ಬಳಸುವ ಕ್ರಮವೇ. 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 270 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಅದರಲ್ಲಿ ಐಸೊಮೆಟ್ರಿಕ್ ವ್ಯಾಯಾಮದಿಂದ ವಿಶ್ರಾಂತಿಯ ರಕ್ತದೊತ್ತಡ ಸರಾಸರಿ ಮೇಲಿನದು 8, ಕೆಳಗಿನದು 4 ಮಿ.ಮೀ.ನಷ್ಟು ಇಳಿದಿತ್ತು, ನಡಿಗೆ, ಓಟದಂತಹ ವ್ಯಾಯಾಮಗಳಿಗಿಂತ ಹೆಚ್ಚು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ನಡಿಗೆಯನ್ನೂ ನಿಲ್ಲಿಸಬೇಡಿ.

ಒಂದು ಗೊಂದಲ ಆಗಬಾರದು. ರಕ್ತದೊತ್ತಡಕ್ಕೆ ಮಾಡುವುದು ಹದವಾದ ಬಲದಲ್ಲಿ ದೀರ್ಘ ಹೊತ್ತು. ದಾವಣಗೆರೆಯ ಮೇಷ್ಟ್ರು ಹೇಳಿದ್ದು ಪೂರ್ಣ ಬಲದಲ್ಲಿ ಕೆಲವೇ ಸೆಕೆಂಡು. ಹತೋಟಿಗೆ ಬಾರದ ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಗ್ಲಾಕೊಮಾ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ಮತ್ತು ಗರ್ಭಿಣಿಯರು ಆ ಎರಡನೆಯದನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು. ಉಸಿರು ಕಟ್ಟಿ ತಳ್ಳಿದರೆ ರಕ್ತದೊತ್ತಡ ಆ ಕ್ಷಣಕ್ಕೆ ತೀರಾ ಮೇಲೇರುತ್ತದೆ.

ಪ್ರಶ್ನೆ ಕೇಳಿದವರಿಗೆ: ಸೊಂಟ ಹಿಡಿದುಕೊಳ್ಳುತ್ತದೆ ಎಂದಿದ್ದೀರಿ. ಪಂಚೆ ತುಳಿದು ಎಳೆಯುವುದನ್ನು ಮೊದಲ ದಿನವೇ ಮಾಡಬೇಡಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಮೂರು ವ್ಯಾಯಾಮಗಳನ್ನು ಪ್ರಚಾರಕ್ಕೆ ತಂದರು; ಅವುಗಳಿಂದ ಆರಂಭಿಸಿ. ಅಂಗಾತ ಮಲಗಿ ಒಂದು ಮಂಡಿ ಬಾಗಿಸಿ, ಸೊಂಟದ ಕೆಳಗೆ ಕೈಯಿಟ್ಟು ತಲೆ ಮತ್ತು ಭುಜವನ್ನು ತುಸುವೇ ಎತ್ತಿ ಹಿಡಿಯುವುದು. ಒಂದು ಮೊಣಕೈ ಮೇಲೆ ಪಕ್ಕಕ್ಕೆ ನಿಲ್ಲುವ ಪ್ಲ್ಯಾಂಕ್. ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈ ಮತ್ತು ಎದುರು ಬದಿಯ ಕಾಲನ್ನು ಚಾಚಿ ನಿಲ್ಲುವುದು. ಪ್ರತಿಯೊಂದನ್ನೂ ಹತ್ತು ಸೆಕೆಂಡು ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಕಾಲಿನೊಳಗೆ ಜೋಮು, ಸೆಳೆತ ಇಳಿಯುತ್ತಿದ್ದರೆ ಇದಾವುದೂ ಬೇಡ, ಯಾರಿಗಾದರೂ ತೋರಿಸಿ.

ಶಿರಸಿ, ಅಡಿಕೆ ತೋಟದವರು

ಎಲ್ಲ ಸರಿ, ಆದರೆ ಇದನ್ನೊಂದನ್ನೇ ನೆಚ್ಚಿಕೊಂಡರೆ ಸಾಲದು ಎಂದು ಯಾರೂ ಹೇಳಲಿಲ್ಲವಲ್ಲ. ಕ್ಯಾನ್ ಹೊತ್ತು ಮಹಡಿ ಹತ್ತುವುದು ಅಲುಗಾಡುವ ಕೆಲಸ. ನಮ್ಮಲ್ಲಿ ಅಡಿಕೆ ಕೊನೆ (ಗೊನೆ) ಹೊರುವವರು ಯಾರೂ ನಿಂತಲ್ಲೇ ನಿಂತು ಬಲ ಗಳಿಸಿದವರಲ್ಲ. ಬಸ್ಕಿಯನ್ನು ತೀರಾ ನಿಧಾನಕ್ಕೆ ಹೊಡೆದರೆ ಸದ್ದೇ ಆಗುವುದಿಲ್ಲ: ಇಳಿಯಲು ಐದು ಎಣಿಕೆ, ಕೆಳಗೆ ಐದು ಎಣಿಕೆ ನಿಲುಗಡೆ, ಏಳಲು ಐದು. ದಂಡವನ್ನೂ ಹಾಗೆಯೇ. ಮೇಷ್ಟ್ರ ವಿದ್ಯೆ ಮತ್ತು ಇದು ಎರಡೂ ಸೇರಲಿ.

ಇನ್ನೊಂದು ತಕರಾರು: ಗೋಡೆ ತಳ್ಳುವವನಿಗೆ ತಾನು ನಿನ್ನೆಗಿಂತ ಹೆಚ್ಚು ತಳ್ಳಿದೆನೋ ಕಡಿಮೆಯೋ ತಿಳಿಯುವುದಿಲ್ಲ. ತಿಳಿಯದಿದ್ದರೆ ಮೈಗಳ್ಳತನ ಬರುತ್ತದೆ.

ದಾವಣಗೆರೆ

ಶಿರಸಿಯವರ ಎರಡೂ ಮಾತು ಒಪ್ಪಿದೆ. ತಕರಾರಿಗೆ ಮದ್ದು ಇದೆ. ಮೈತೂಕ ನೋಡುವ ತಕ್ಕಡಿ ಮನೆಯಲ್ಲಿದ್ದರೆ ಅದನ್ನು ಗೋಡೆಗೆ ಆನಿಸಿ ಹಿಡಿದು ಅಂಗೈಯಿಂದ ತಳ್ಳಿ, ಮುಳ್ಳು ಎಷ್ಟಕ್ಕೆ ಹೋಗುತ್ತದೆ ನೋಡಿ. ಮುಳ್ಳಿನ ತಕ್ಕಡಿಯೇ ಒಳ್ಳೆಯದು; ಅಂಕಿ ತೋರಿಸುವ ಡಿಜಿಟಲ್ ತಕ್ಕಡಿ ನೆಟ್ಟಗೆ ನಿಲ್ಲಿಸಿದರೆ ಎಷ್ಟೋ ಸಲ ಸರಿಯಾಗಿ ತೋರಿಸುವುದಿಲ್ಲ. ಎರಡು ವಾರಕ್ಕೊಮ್ಮೆ ಅದೇ ಜಾಗ, ಅದೇ ಕೋನದಲ್ಲಿ ನೋಡಿ ಬರೆದಿಡಿ. ದಿನವೂ ನೋಡಬೇಡಿ, ನಿದ್ದೆ ಕೆಟ್ಟ ದಿನ ಮುಳ್ಳು ಇಳಿದು ಮನಸ್ಸು ಕೆಡುತ್ತದೆ.

ಬೆಂಗಳೂರು, ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮೆಕ್‌ಗಿಲ್ ಅವರ ಮೂರು ವ್ಯಾಯಾಮ, ಗೋಡೆ ಕುರ್ಚಿ, ಬಾಗಿಲ ಚೌಕಟ್ಟು ಇಷ್ಟನ್ನು ಈ ವಾರ ಶುರು ಮಾಡಿದ್ದೇನೆ. ಎರಡು ಅನುಮಾನ. ಮೇಷ್ಟ್ರೇ, ಕಿಟಕಿಯ ಗ್ರಿಲ್ ಎಳೆದಾಗ ಒಂದು ಮೂಲೆಯಲ್ಲಿ ಸಿಮೆಂಟ್ ಪುಡಿ ಉದುರಿತು. ಮುಂದುವರಿಸಲೇ? ಮತ್ತು ಪ್ಲ್ಯಾಂಕ್‌ನಲ್ಲಿ ಮಣಿಕಟ್ಟು ನೋಯುತ್ತದೆ, ಬಹುಶಃ ಕೀಬೋರ್ಡ್ ಪ್ರಭಾವ.

ದಾವಣಗೆರೆ

ಆ ಗ್ರಿಲ್ಲನ್ನು ಈಗಲೇ ಬಿಡಿ, ಮನೆ ಮಾಲೀಕರಿಗೆ ತಿಳಿಸಿ. ಕಳ್ಳನಿಗೂ ಅದು ಅಷ್ಟೇ ಸುಲಭ. ಎಳೆತಕ್ಕೆ ನೆಲದಲ್ಲಿ ಕಾಲು ಚಾಚಿ ಕೂತು, ಟವೆಲನ್ನು ಪಾದಗಳಿಗೆ ಸುತ್ತಿ ಎರಡೂ ತುದಿ ಹಿಡಿದು ಎಳೆಯಿರಿ. ಬೆನ್ನು ಗೂನಾಗಬಾರದು.

ಮಂಗಳೂರು

ಅಂಗೈ ಬದಲು ಮೊಣಕೈ ಊರಿ ಪ್ಲ್ಯಾಂಕ್ ಮಾಡಿ, ಅಥವಾ ಮುಷ್ಟಿ ಕಟ್ಟಿ ಮಡಚಿದ ಬೆಡ್‌ಶೀಟಿನ ಮೇಲೆ ಊರಿ. ಮಣಿಕಟ್ಟಿಗೂ ಇದೇ ವ್ಯಾಯಾಮ ಇದೆ: ಮೇಜಿನ ಕೆಳಗೆ ಹಿಂಗೈ ಇಟ್ಟು ಮೇಲಕ್ಕೆ, ಮೇಲೆ ಅಂಗೈ ಇಟ್ಟು ಕೆಳಕ್ಕೆ, ಅರ್ಧ ಬಲದಲ್ಲಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಚೇರಿಯಲ್ಲಿ ಕೂತೇ ಮಾಡಬಹುದು. ಒತ್ತುವಾಗ ತುಸು ನೋವು ಇದ್ದರೆ ಅಡ್ಡಿಯಿಲ್ಲ, ಮರುದಿನ ಬೆಳಿಗ್ಗೆ ನೋವು ಹೆಚ್ಚಾಗಿದ್ದರೆ ಬಲ ಇನ್ನೂ ಕಡಿಮೆ ಮಾಡಿ.