ಮರು: 'ಉಷ್ಣ ವಹನ' ಸಾಕಾ? ಇವತ್ತೇ ಬೇಕಿತ್ತು

> ನಾಡಿದ್ದು ಉಡುಪಿಯಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ. ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಬರಹ ಕೇಳಿದ್ದಾರೆ. 'ನ್ಯಾನೋ ಪದರಗಳಲ್ಲಿ ಉಷ್ಣ ವಹನ' ಸಾಕಾ? ಫೋನಾನ್, ಬ್ಯಾಲಿಸ್ಟಿಕ್ ಇವಕ್ಕೆ ಏನು ಹಾಕಲಿ?

ಅಕ್ಕಾ, 'ನ್ಯಾನೋ ಪದರಗಳಲ್ಲಿ ಕಾವಿನ ಓಟ' ಎಂದು ಕೊಟ್ಟುಬಿಡಿ. ವಹನ ಅಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ತುದಿಯಿಂದ ತುದಿಗೆ ಮೆಲ್ಲಗೆ ಬಿಸಿಯಾಗುವ ಸರಳು. ಫ್ರಾನ್ಸಿನ ಗಣಿತಜ್ಞ ಫೋರಿಯೆ 1822ರಲ್ಲಿ ಲೆಕ್ಕ ಕೊಟ್ಟದ್ದು ಅದಕ್ಕೇ. ನಿಮ್ಮ ಫ್ಲೆಕ್ಸಿನ ಚಿತ್ರ ತೋರಿಸುವುದು ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು, ಅಲ್ವಾ? ದಪ್ಪ ಸಿಲಿಕಾನ್‌ನಲ್ಲಿ ಫೋನಾನ್‌ಗಳು, ಅಂದರೆ ಕಾವನ್ನು ಸಾಗಿಸುವ ಅಲುಗಾಟದ ತುಣುಕುಗಳು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಅಲೆಯುತ್ತವೆ. ಪದರ ತೀರಾ ತೆಳುವಾದರೆ ಒಂದಕ್ಕೊಂದು ಸಿಗುವ ಮೊದಲೇ ಆಚೆ ಬದಿ ಮುಟ್ಟುತ್ತವೆ. ಇದೇ ಬ್ಯಾಲಿಸ್ಟಿಕ್. 'ತಡೆಯಿಲ್ಲದ ಓಟ' ಎನ್ನಿ, ಸಾಕು.

ಪದರದ ಉದ್ದಕ್ಕೆ ಹೋಗುವ ಕಾವಿನ ಕತೆ ಬೇರೆ. ಅಲ್ಲಿ ಮೇಲ್ಮೈಗೇ ಬಡಿದು ದಿಕ್ಕು ತಪ್ಪುವುದು ಜಾಸ್ತಿ. ದಪ್ಪ ಸಿಲಿಕಾನ್‌ನ ವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 148 ವಾಟ್. 20 ನ್ಯಾನೋಮೀಟರ್ ಪದರದಲ್ಲಿ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಹಾಗಂತ 'ತೆಳುವಾದಷ್ಟೂ ಕಮ್ಮಿ' ಎಂದು ಬರೆಯಬೇಡಿ. ಇಂಗಾಲದ ಹಾಳೆಯಾದ ಗ್ರಾಫೀನ್ ಒಂದೇ ಪರಮಾಣು ದಪ್ಪ, ಆದರೂ ಕಾವು ಸಾಗಿಸುವುದರಲ್ಲಿ ತಾಮ್ರವನ್ನು ಮೀರಿಸುತ್ತದೆ.

> 'ಕಾವು' ಕೋಳಿ ಕೂರುವುದಕ್ಕೆ. ವಿಜ್ಞಾನಕ್ಕಲ್ಲ.

ಒಪ್ಪುವುದಿಲ್ಲ. ಬೇರು ನೋಡಿ: ಕಾಯ್. ಹಾಲು ಕಾಯಿಸುತ್ತೇವೆ, ಹಂಡೆ ನೀರು ಕಾಯುತ್ತದೆ, ಕಾದ ಕಬ್ಬಿಣ ಅನ್ನುತ್ತೇವೆ. ತಮಿಳರಿಗೆ ಜ್ವರವೇ ಕಾಯ್ಚಲ್. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಹೊರಬಂದ ಕಿಟ್ಟೆಲ್ ನಿಘಂಟು ತೆಗೆದು ನೋಡಿ, ಕಾವು ಅಲ್ಲಿದೆ. ಕೋಳಿ ಮೊಟ್ಟೆಗೆ ಕೊಡುವುದೂ ಶಾಖವನ್ನೇ. ಒಂದು ಪದಕ್ಕೆ ಮನೆಯಲ್ಲಿ ಬಳಕೆ ಇದೆ ಎಂಬುದು ಅದನ್ನು ದೂಡಲು ಕಾರಣವಾಗಬಾರದು.

> ಸಂಸ್ಕೃತದ ಉಷ್ಣ ಓಡಿಸಿ ಗ್ರೀಕಿನ ನ್ಯಾನೋ ಕೂರಿಸಿದ್ದೀರಿ. ಇದು ಯಾವ ನ್ಯಾಯ?

ಸಂಸ್ಕೃತ ಎಂಬ ಕಾರಣಕ್ಕೆ ಬೇಡ ಅಂದಿಲ್ಲ ಮಾರಾಯ್ರೆ. ನಮ್ಮ ಕಡೆ ಉಷ್ಣ ಅಂದರೆ ಹಲಸು ತಿಂದು ಮೈಗೆ ಆಗುವಂಥದ್ದು. ನ್ಯಾನೋ ಅಳತೆಯ ಹೆಸರು, ನೂರು ಕೋಟಿಯಲ್ಲಿ ಒಂದು ಪಾಲು. ಅದಕ್ಕೆ 'ಕುಬ್ಜ' ಎಂದಿಟ್ಟರೆ ಲೆಕ್ಕ ಮಾಡುವ ಹುಡುಗ ಎಡವುತ್ತಾನೆ. ಅಳತೆಯ ಹೆಸರು, ವಸ್ತುವಿನ ಹೆಸರು ಹೊರಗಿನಿಂದ ಬರಲಿ. ಪೋರ್ಚುಗೀಸರ ಚಾವಿ ಬಂದಿಲ್ಲವೇ? ಆದರೆ ಏನು ನಡೆಯುತ್ತದೆ ಎಂದು ಹೇಳುವ ಮಾತು ನಮ್ಮದೇ ಇರಬೇಕು. ಅಲ್ಲೂ ಎರವಲು ತಂದರೆ ಮಗು ಬಾಯಿಪಾಠ ಮಾಡುತ್ತದೆ, ಅರ್ಥ ಆಗುವುದಿಲ್ಲ. 'ಎಲ್ಲ ತದ್ಭವ ಮಾಡಿ' ಎಂಬ ವಾದವನ್ನೂ ಇಲ್ಲಿ ಎಳೆಯಬೇಡಿ. ಅಕ್ಕನಿಗೆ ಸಂಜೆಯೊಳಗೆ ಬೋರ್ಡು ಆಗಬೇಕು.

ಅಕ್ಕಾ, ಫೋನಾನ್ ಹಾಗೇ ಇರಲಿ. ಗ್ರೀಕಿನಲ್ಲಿ ದನಿಗೆ ಇರುವ ಮಾತಿನಿಂದ ಬಂದದ್ದು. 'ದನಿಕಣ' ಎಂದರೆ ಮಕ್ಕಳು ಕಿವಿಗೊಡುತ್ತಾ ನಿಲ್ಲುತ್ತಾರೆ. ಅದರ ಕೆಳಗೆ ಒಂದು ಸಾಲು ಹಾಕಿ: 'ಹರಳಿನ ಪರಮಾಣುಗಳು ಒಟ್ಟಾಗಿ ಅಲುಗುವ ಅಲೆಯ ಒಂದು ತುಣುಕು.' 'ಶಾಖದ ಕಣ' ಅಂತ ಮಾತ್ರ ಬರೆಯಬೇಡಿ, ಶಾಖ ಒಂದು ವಸ್ತು ಅಂದುಕೊಳ್ಳುತ್ತಾರೆ.